ಗಂಟೆ ಕೇಳಿ ನಿಂತ ಪದ

ಆಗೆಲ್ಲ ನಮ್ಮ ಕಡೆ ಯಾರಾದರೂ ಮಿಲ್ಟ್ರಿ ಬಿಟ್ಟು ಊರಿಗೆ ಬಂದರೆ, ಯೋಗಕ್ಷೇಮ ಕೇಳಲು ಬರುವವರ ಕೈಯಲ್ಲಿ ಒಂದೊಂದು ಸ್ಟೀಲ್ ಲೋಟ ಇರುತ್ತಿತ್ತು. ಗಡಿಯಲ್ಲಿ ಚಳಿ ಎಷ್ಟಿತ್ತು, ಗುಂಡು ಹಾರಿತೇ, ಜೊತೆಯವರು ಯಾರಾದರೂ ಸತ್ತರೇ ಎನ್ನುವುದೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ ಒಂದೇ, ಅಗ್ಗದ ರಮ್ಮಿನದು: "ಕ್ಯಾಂಟೀನ್ ಕಾರ್ಡ್ ಮಾಡ್ಸಿದ್ಯೇನ್ಲಾ ರಂಗ?"

ರಂಗ ಅಂದರೆ ನಮ್ಮಪ್ಪ. ಹಗರೆಯಿಂದ ಒಳಕ್ಕೆ ಹೋಗುವ ಮಣ್ಣು ದಾರಿಯ ಕೊನೆಯಲ್ಲಿದ್ದ ನಮ್ಮ ಊರಲ್ಲಿ ಅವನ ಹೆಸರು ಆಮೇಲೆ ಮಿಲ್ಟ್ರಿ ರಂಗಣ್ಣ ಅಂತಾಯಿತು. ನಾನಾಗ ಐದನೇ ಕ್ಲಾಸು. ಈಗ ಐವತ್ತರ ಹೊಸ್ತಿಲಲ್ಲಿದ್ದೇನೆ. ಇಷ್ಟು ವರ್ಷದಲ್ಲಿ ಸಿಟ್ಟು ಇಳಿಯಬೇಕಿತ್ತು. ಬಿಪಿ ಮಾತ್ರೆ ಬರೆದುಕೊಡುವ ಡಾಕ್ಟರೂ "ಹಳೇದನ್ನೆಲ್ಲ ಬಿಟ್ಟುಬಿಡಿ ಮೇಡಂ" ಅನ್ನುತ್ತಾರೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡುವವಳು ನಾನು. ಅಷ್ಟು ದೊಡ್ಡದನ್ನು ಎಲ್ಲಿ ಬಿಡಲಿ?

ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದದ್ದು ಆಷಾಢದ ಗಾಳಿ ಬೀಸುತ್ತಿದ್ದಾಗ. ಅದಕ್ಕೂ ಮೊದಲು ನನಗೆ ಗೊತ್ತಿದ್ದದ್ದು ರಜದ ಅಪ್ಪ ಮಾತ್ರ. ಬರುವಾಗ ಗೋಡಂಬಿ, ಹೋಗುವಾಗ ಅಮ್ಮನ ಕಣ್ಣೀರು, ಮಧ್ಯೆ ನಾಲ್ಕು ದಿನ ಬೂಟ್ ಪಾಲಿಶಿನ ವಾಸನೆ. ಈ ಸಲ ಅವನ ಜೊತೆ ಕರೀ ಟ್ರಂಕೂ ಹಾಸಿಗೆಯ ಸುರುಳಿಯೂ ಇಳಿದವು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು. ಅದನ್ನು ನೋಡಿದರೆ ಇನ್ನು ಹೋಗುವುದಿಲ್ಲ ಎಂದು ನಂಬಬಹುದಿತ್ತು. ನಾನು ನಂಬಲಿಲ್ಲ. ಟ್ರಂಕಿಗೆ ಹಿಡಿಕೆ ಇದೆಯಲ್ಲ, ಹಿಡಿಕೆ ಇರುವುದು ಎತ್ತಿಕೊಂಡು ಹೋಗುವುದಕ್ಕೇ ಎಂದು ಅವತ್ತೇ ಚಿಂತೆ ಶುರುಮಾಡಿದೆ.

ಮನೆಗೆ ಬಂದವನು ಮಿಲ್ಟ್ರಿಯನ್ನು ಪೂರ್ತಿ ಬಿಟ್ಟು ಬಂದಿರಲಿಲ್ಲ. ನಮ್ಮ ಮನೆಯ ಎದುರಿಗೇ ಶಾಲೆ. ಅಲ್ಲಿ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿ ಅದನ್ನೇ ಗಂಟೆ ಅಂತ ಬಾರಿಸುತ್ತಿದ್ದರು. ಅದು ಢಣ್ ಅಂದರೆ ಸಾಕು, ಅಪ್ಪ ಕೈಯಲ್ಲಿದ್ದ ಮುದ್ದೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ನೆಟ್ಟಗೆ ನಿಂತುಬಿಡುತ್ತಿದ್ದ. ಅಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

"ನಿಮ್ಗಲ್ಲ ಕಣ್ರೀ, ಅದು ಮಕ್ಳಿಗೆ ಹೊಡ್ದಿದ್ದು. ಕುಂತ್ಕಳಿ."

"ಗೊತ್ತೈತೆ ಬುಡೇ," ಅಂತ ಅಪ್ಪ ಕೂರುತ್ತಿದ್ದ. ಮಾರನೇ ದಿನ ಮತ್ತೆ ಎದ್ದು ನಿಲ್ಲುತ್ತಿದ್ದ. ನಾವೂ ನಗುತ್ತಿದ್ದೆವು. ಈ ಒಂದು ವಿಷಯಕ್ಕೆ ನಾವು ನಗಬಾರದಿತ್ತು.

ಶ್ರಾವಣದ ಹೊತ್ತಿಗೆ ಅಪ್ಪ ಅಟ್ಟ ಹತ್ತಿ ಒಂದು ದಮ್ಮಡಿ ಇಳಿಸಿದ. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡ, ಒಂದೇ ಕಡೆ ತೊಗಲು ಬಿಗಿದ ಚರ್ಮವಾದ್ಯ. ತೊಗಲನ್ನು ಇಲಿ ತಿಂದಿತ್ತು. ಬೇಲೂರಿಗೆ ಹೋಗಿ ಹೊಸ ತೊಗಲು ಹಾಕಿಸಿಕೊಂಡು ಬಂದ. ಮಳೆಗಾಲದ ಥಂಡಿಗೆ ಅದು ಸಡಿಲವಾಗುತ್ತಿತ್ತು. ಒಲೆಯ ಬಾಯಿಗೆ ಹಿಡಿದು ಕಾಯಿಸುತ್ತಿದ್ದ. ಅವರೆಕಾಳು ಸಾರು ಕುದಿಯುವ ವಾಸನೆ, ಕಾದ ತೊಗಲಿನ ವಾಸನೆ, ಅಪ್ಪನ ಅಂಗಿಯಿಂದ ಕ್ಯಾಂಟೀನ್ ಸೋಪಿನ ವಾಸನೆ. ಈ ಮೂರೂ ಸೇರಿದ್ದನ್ನು ಮತ್ತೆಲ್ಲೂ ನಾನು ಮೂಸಿಲ್ಲ.

"ನೀನು ಪದ ಹೇಳ್ತೀಯೇನಪ್ಪ?" ಅಂತ ಕೇಳಿದೆ.

"ಹೇಳೋದಲ್ಲ ಕಣವ್ವ, ಕಟ್ತಿದ್ದೆ. ಕೋಲಾಟಕ್ಕೆ ನಾನೇ ಪದ ಎತ್ತಿ ಕೊಡೋನು."

"ಮಿಲ್ಟ್ರೀಲಿ ಕಟ್ಟಲಿಲ್ವಾ?"

"ಅಲ್ಲೆಲ್ಲಾತದೆ? ಪದ ಕಟ್ಟೋಕೆ ಒಂದೆಲ್ಡು ತಪ್ಪು ಹೆಜ್ಜೆ ಹಾಕೋ ಪುರುಸೊತ್ತು ಬೇಕು. ಅಲ್ಲಿ ತಪ್ಪು ಹೆಜ್ಜೆ ಹಾಕುದ್ರೆ ಗ್ರೌಂಡ್ ಸುತ್ತಾ ಓಡ್ಸೋರು."

ಸಂಜೆ ಹೊತ್ತು ಜಗಲಿಯಲ್ಲಿ ಕೂತು ಹಾಡಲು ಶುರುಮಾಡಿದ. ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಾ ಕೇಳುತ್ತಿದ್ದೆ. ಅವನ ತಾಳಕ್ಕೆ ಕುಂಟಿದರೆ ಗೆರೆ ತುಳಿಯುತ್ತಿರಲಿಲ್ಲ. ಲೋಟದವರೂ ಬಂದು ಕೂರುತ್ತಿದ್ದರು. ಬಾಟಲಿ ಇರುವತನಕ ಆಹಾ ಓಹೋ. "ರಂಗ, ನಿನ್ ಗಂಟ್ಲು ಹಂಗೇ ಐತೆ ಕಣ್ಲಾ!" ಬಾಟಲಿ ಮುಗಿದ ಸಂಜೆ ಜಗಲಿ ಖಾಲಿ. ಅಪ್ಪ ಅದಕ್ಕೂ ಒಂದು ಪದ ಕಟ್ಟಿದ. ವಾಪಸು ಬಂದ ಮೇಲೆ ಅವನು ಕಟ್ಟಿದ ಮೊದಲ ಪದ ಅದೇ:

ಕ್ಯಾಂಟೀನು ಬಾಟ್ಲಿ ಕಂಡಾರೆ ಊರೋರು
ಕಂಡೋರ ಮಗನೂ ಒಡಹುಟ್ಟು, ಬಾಟ್ಲೀಯ
ಬುಡ ಕಂಡ ಮೇಲೆ ಯಾರಪ್ಪ?

ಇದನ್ನು ಲೋಟದವರ ಎದುರಿಗೇ ಹಾಡಿದ. ಅವರು ಬಿದ್ದು ಬಿದ್ದು ನಕ್ಕು, ಇನ್ನೊಂದು ಲೋಟ ಹಾಕಿಸಿಕೊಂಡು ಹೋದರು. ಬೈದರೂ ಹೊಗಳಿದರೂ ಒಂದೇ ರೀತಿ ನಗುವ ಜನರ ಮೇಲೆ ನನಗೆ ಆಗಿನಿಂದಲೇ ನಂಬಿಕೆ ಇಲ್ಲ.

ಗೌರಿ ಹಬ್ಬ ಹತ್ತಿರ ಬಂತು. ಶಾಲೆಯಲ್ಲಿ ನಮಗೆ ಒಂದು ಜನಪದ ಗೀತೆ ಹೇಳಿಕೊಟ್ಟಿದ್ದರು. ಬೇಲೂರಿನ ಒಬ್ಬ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಊರೂರು ಸುತ್ತಿ, ಮುದುಕಿಯರ ಬಾಯಿಂದ ಹಾಡಿಸಿ, ಅದನ್ನು ತಾಲ್ಲೂಕಿನ ಶಾಲೆಗಳಿಗೆಲ್ಲ ಹಂಚಿದ್ದರು. ನಮ್ಮ ಅಜ್ಜಿಯೂ ಅವರ ಟೇಪಿಗೆ ಹಾಡಿದವಳೇ. ನಾನು ಹಿತ್ತಲಲ್ಲಿ ಬಿಂದಿಗೆ ತಲೆ ಮೇಲಿಟ್ಟುಕೊಂಡು, ಸೊಂಟ ಬಳುಕಿಸುತ್ತಾ ಅಭ್ಯಾಸ ಮಾಡುತ್ತಿದ್ದೆ:

ಹಗರೆ ಹಾದೀಲಿ ತುಂಬೆ ಹೂ ಬಿಟ್ಟಾವೆ
ತುಳಿಯದೆ ನಡೆಯೋ ಎತ್ತಯ್ಯ, ನಮ್ಮಕ್ಕ
ಗೌರಿಹಬ್ಬಕ್ಕೆ ಬರುತಾಳೆ

ಅಪ್ಪ ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದ. ಕುಡುಗೋಲು ನಿಂತಿತು. ಅವನು ನೋಡುತ್ತಿದ್ದಾನೆಂದು ನಾನು ಇನ್ನಷ್ಟು ಬಳುಕಿ, ಕೊನೆಯ ನುಡಿ ಹೇಳಿದೆ:

ಹೋದೆತ್ತು ನಗುನಗುತಾ ತಿರುಗಿ ಬಂದಾವೆ
ಹಾಸಿದ ಜಮಖಾನ ಹೂವಾಗಿ, ನಮ್ಮಕ್ಕ
ತವರ ಹೊಸಿಲೀಗೆ ಬಲಗಾಲು

"ಇದ್ಯಾರು ಹೇಳ್ಕೊಟ್ರು ನಿಂಗೆ?"

"ಸ್ಕೂಲಲ್ಲಿ. ಜನಪದ ಗೀತೆ."

"ಕೊನೆ ನುಡಿ ಹಂಗಲ್ಲ."

"ಹಂಗೇ ಅಪ್ಪ. ಮೇಷ್ಟ್ರು ಬರ್ಸಿರೋದೇ ಹಂಗೆ. ನಿಂಗ್ ಗೊತ್ತಿಲ್ಲ, ಬುಡು."

ಅಪ್ಪ ನಕ್ಕ. ನಗು ಮೀಸೆಯಿಂದ ಕೆಳಕ್ಕೆ ಇಳಿಯಲಿಲ್ಲ. "ನಂಗ್ ಗೊತ್ತಿಲ್ದೆ ಏನವ್ವ, ಕಟ್ಟಿದ್ದೇ ನಾನು," ಅಂದ.

ಹುಲ್ಲಿನ ಹೊರೆಯ ಮೇಲೆ ಕೂತು ಅವತ್ತು ಅವನು ಹೇಳಿದ್ದು ಇದು. ಅವನಿಗೆ ಒಬ್ಬಳೇ ಅಕ್ಕ, ಗೌರಮ್ಮ. ನಾನು ನೋಡದ ಗೌರತ್ತೆ. ಅವಳನ್ನು ಗೆಂಡೆಹಳ್ಳಿ ಕಡೆಯ ದೊಡ್ಡ ಮನೆಯೊಂದಕ್ಕೆ ಕೊಟ್ಟಿದ್ದರು. ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳನ್ನು ಮೊದಲ ಗೌರಿಹಬ್ಬಕ್ಕೆ ತವರಿಗೆ ಕರೆತರಬೇಕು. ಕರೆಯಲು ಒಡಹುಟ್ಟಿದವನೇ ಹೋಗಬೇಕು. ಮೀಸೆ ಮೂಡುತ್ತಿದ್ದ ಅಪ್ಪ ಬಂಡಿ ಕಟ್ಟಿಕೊಂಡು, ಅಕ್ಕನಿಗೆ ಮೆತ್ತಗಿರಲೆಂದು ಹುಲ್ಲಿನ ಮೇಲೆ ಜಮಖಾನ ಹಾಸಿಕೊಂಡು ಹೋದ. ಭಾವ ಜಗಲಿಯಲ್ಲೇ ಕೂತು, "ಮನೇಲಿ ಕೆಲ್ಸ ಐತೆ, ಕಳ್ಸಾಕಾಗಲ್ಲ," ಅಂದ. ಅಕ್ಕ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಹೊಸ್ತಿಲು ದಾಟಿ ಬಂದು ತಮ್ಮನಿಗೆ ನೀರು ಕೊಡಲೂ ಬಿಡಲಿಲ್ಲ. ಬಂಡಿ ಬರಿದೇ ವಾಪಸು ಬಂತು. ಬರುವ ದಾರಿಯಲ್ಲೇ ಅಪ್ಪ ಈ ಪದ ಕಟ್ಟಿದ. ಸುಗ್ಗಿಯ ಕೋಲಾಟದಲ್ಲಿ ಹಾಡಿದ. ಹೆಂಗಸರು ಎತ್ತಿಕೊಂಡರು. ಮುಂದಿನ ಗೌರಿಹಬ್ಬಕ್ಕೂ ಕಳಿಸಲಿಲ್ಲ. ಅದರ ಮುಂದಿನದಕ್ಕೆ ಕಳಿಸಲು ಅವಳೇ ಇರಲಿಲ್ಲ. ಜ್ವರ ಬಂದಿತ್ತು ಅಂದರಂತೆ. ಮಣ್ಣಾದ ಮೇಲೆ ಸುದ್ದಿ ಹೇಳಿ ಕಳಿಸಿದ್ದರು. ಅಪ್ಪ ಹಾಸನಕ್ಕೆ ಹೋಗಿ ಮಿಲ್ಟ್ರಿ ಸೇರಿದ್ದು ಆ ವರ್ಷವೇ.

"ಮತ್ತೆ ಕೊನೆ ನುಡಿ ಬದ್ಲಾಯ್ಸಿದ್ದು ಯಾರು? ಮೇಷ್ಟ್ರಾ?"

ಅಪ್ಪ ಅಡುಗೆಮನೆ ಕಡೆ ನೋಡಿದ.

ಬದಲಾಯಿಸಿದ್ದು ಹೆಂಗಸರು. ನಮ್ಮ ಅಜ್ಜಿಯೇ ಮೊದಲಿನವಳು. ಪದ ಚೆನ್ನಾಗಿತ್ತು, ಮದುವೆಮನೆಯಲ್ಲಿ ಹಾಡಬೇಕೆನಿಸಿತು. ಆದರೆ ಹಸೆಮಣೆಯ ಮೇಲೆ ಕೂತ ಹೆಣ್ಣಿನ ಎದುರು ಅಪಶಕುನದ ಮಾತು ಆಡುವಂತಿಲ್ಲ. ಯಾವ ಪದವೇ ಆಗಲಿ ಮಂಗಳದಲ್ಲಿ ಮುಗಿಯಬೇಕು. ಹಾಗಾಗಿ ಮದುವೆಮನೆಯಲ್ಲಿ ಗೌರತ್ತೆ ತವರಿಗೆ ಬಂದಳು. ಪ್ರತಿ ಮದುವೆಯಲ್ಲೂ ಬಂದಳು. ಬಲಗಾಲಿಟ್ಟು ಬಂದಳು. ಆ ಬಂದದ್ದನ್ನೇ ಮೇಷ್ಟ್ರು ಟೇಪಿಗೆ ಹಿಡಿದುಕೊಂಡು ಹೋಗಿದ್ದರು.

ಆ ಸಂಜೆ ಅಪ್ಪನಿಗೂ ಅಜ್ಜಿಗೂ ಆದ ಮಾತು ನನಗೆ ಅಕ್ಷರಕ್ಷರ ನೆನಪಿದೆ. ಅಜ್ಜಿ ಕಡುಬಿಗೆ ಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗಣಪತಿ ಪೆಂಡಾಲಲ್ಲಿ ಜನಪದ ಗೀತೆ ಸ್ಪರ್ಧೆ ಐತಂತೆ ಅವ್ವ, ಬೇಲೂರಲ್ಲಿ. ಅದ್ನೇ ಹೇಳ್ತೀನಿ. ನಾನು ಕಟ್ಟಿದಂಗೇ."

"ಬ್ಯಾಡ ಕಣ್ಲಾ ಮಗ. ಆ ಕೊನೆ ನುಡಿ ಒಂದ್ ಬ್ಯಾಡ."

"ಯಾಕೆ?"

"ಬಾಯ್ನಲ್ಲಾದ್ರೂ ಬಂದವ್ಳೆ. ಬಂದೋಳ್ನ ಯಾಕ್ಲಾ ವಾಪಸ್ ಕಳುಸ್ತೀಯಾ?"

"ಬಾಯ್ನಲ್ ಕರ್ಕಂಡ್ ಬಂದ್ಬುಟ್ರೆ ಬಂದಂಗಾ ಅವ್ವ? ಅವ್ರು ಕಳುಸ್ದಂಗಾ? ಆವಯ್ಯ ಮಾಡಿದ್ದ ನೀವೆಲ್ಲ ಸೇರ್ಕಂಡು ತೊಳ್ದುಬುಟ್ರಿ."

ಅಜ್ಜಿ ಕಾಯಿತುರಿಯನ್ನೂ ಬೆಲ್ಲವನ್ನೂ ಕಲೆಸುತ್ತಾ ಕೂತಳು. ಆ ಕೊನೆ ನುಡಿಯ ಮೂರನೇ ಸಾಲನ್ನು ಅಪ್ಪ ಮನೆಯಲ್ಲಿ ಸ್ಪರ್ಧೆಗೆ ಅಭ್ಯಾಸ ಮಾಡುವಾಗಲೂ ಬಾಯಿಬಿಟ್ಟು ಹಾಡಲಿಲ್ಲ. ಅಲ್ಲಿಗೆ ಬಂದಾಗ ದಮ್ಮಡಿಯ ಮೇಲೆ ಬರೀ ಬೆರಳು ಆಡಿಸುತ್ತಿದ್ದ. ತಾಯಿಯ ಕಿವಿಗೆ ಬೀಳುವುದು ಬೇಡವೆಂದು. ಹಾಗಾಗಿ ನನಗೂ ಅದು ಗೊತ್ತಿರಲಿಲ್ಲ.

ಅಮ್ಮನದು ಬೇರೆ ಲೆಕ್ಕ. ಪುಣೆಯ ಹತ್ತಿರ ಸಿಮೆಂಟು ಕಾರ್ಖಾನೆಯೊಂದರ ಗೇಟಿನಲ್ಲಿ ಅಪ್ಪನ ಜೊತೆಗಿದ್ದವರೊಬ್ಬರು ಅವನಿಗೆ ಕೆಲಸ ನೋಡಿಟ್ಟಿದ್ದರು. ಮಿಲ್ಟ್ರಿಯಿಂದ ಬಂದು ದಮ್ಮಡಿ ಬಡಿಯುತ್ತಾ ಕೂತ ಗಂಡನ ಬಗ್ಗೆ ಬಾವಿಕಟ್ಟೆಯಲ್ಲಿ ಏನೇನು ಮಾತಾಡುತ್ತಾರೆಂದು ಅಮ್ಮನಿಗೆ ಗೊತ್ತಿತ್ತು. "ನೋಡಿ," ಅಂದಳು, "ಬೇಲೂರಲ್ಲಿ ಹೇಳಿ. ನಾಕ್ ಜನ ಒಪ್ಕಂಡು ಇವ್ನು ಪದ ಕಟ್ಟೋನು ಅಂದ್ರೆ ಇಲ್ಲೇ ಇರಿ, ಗಂಜಿ ಕುಡ್ಕಂಡ್ ಇರಾನ. ಇಲ್ದಿದ್ರೆ ಹೊಂಟೋಗಿ. ಇಲ್ಲಿ ಕುಂತು ಲೋಟದೋರಿಗೆಲ್ಲ ನಗೆಪಾಟಲಾಗೋದು ಬ್ಯಾಡ."

ಅಪ್ಪ ಒಪ್ಪಿದ. ಪದ ಪೂರ್ತಿಯಾದರೆ ಅಪ್ಪ ಉಳಿಯುತ್ತಾನೆ, ಆಗದಿದ್ದರೆ ಟ್ರಂಕು ಎದ್ದುಹೋಗುತ್ತದೆ. ಮಳೆ ಬಂದರೆ, ಬಸ್ಸು ಕೆಟ್ಟರೆ, ದಮ್ಮಡಿ ಸಡಿಲವಾದರೆ ಎಂದು ಎಲ್ಲಕ್ಕೂ ಚಿಂತೆ ಮಾಡಿದೆ. ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಹೋದೆ, ತೊಗಲು ಕಾಯಿಸಲು. ಚಿಂತೆ ಮಾಡಬೇಕಾದ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ತಯಾರಾಗಿದ್ದೆ. ಈಗಲೂ ನನ್ನದು ಅದೇ ಪದ್ಧತಿ.

ಬೇಲೂರಿನ ಪೆಂಡಾಲು ಜನರಿಂದ ತುಂಬಿತ್ತು. ಗಣಪತಿಯ ಮುಂದೆ ಕರ್ಪೂರದ ಹೊಗೆ, ಹಿಂದೆ ಜನರೇಟರಿನ ಹೊಗೆ, ಪಕ್ಕದಲ್ಲಿ ಮಂಡಕ್ಕಿ ಬೋಂಡ. ಮುಂದಿನ ಸಾಲಿನ ಕಬ್ಬಿಣದ ಕುರ್ಚಿಗಳಲ್ಲಿ ಬಿಳಿ ಪಂಚೆಯ ದೊಡ್ಡವರು. ತೀರ್ಪುಗಾರರ ಮೇಜಿನ ಹಿಂದೆ ಟೇಪ್ ರೆಕಾರ್ಡರ್ ಮೇಷ್ಟ್ರು. ಅಪ್ಪ ನನ್ನ ಭುಜ ಹಿಡಿದು, ಕುರ್ಚಿಯಲ್ಲಿದ್ದ ಒಬ್ಬರ ಕಡೆ ಗದ್ದ ಎತ್ತಿ ತೋರಿಸಿದ. ಹಣೆಯ ಮೇಲೆ ಉದ್ದ ಕುಂಕುಮ, ಮಡಿಲಲ್ಲಿ ಹಾರ. ಅವತ್ತಿನ ಪ್ರಸಾದದ ಖರ್ಚು ಅವರದಂತೆ.

"ನಿಮ್ಮ ಗೌರತ್ತೆ ಗಂಡ," ಅಂದ. "ಇವತ್ತು ಕೇಳ್ತಾನೆ ಬುಡು."

ಮೈಕಿನಲ್ಲಿ ನಿಯಮ ಹೇಳಿದರು. ಮೊದಲ ಗಂಟೆ ಎಚ್ಚರಿಕೆಗೆ, ಎರಡನೇ ಗಂಟೆಗೆ ನಿಲ್ಲಿಸಬೇಕು. ನಿಲ್ಲಿಸಿದವರು ಯಾರು? ಹಳೇಬೀಡು ಕಡೆಯ ಹುಡುಗಿಯರ ತಂಡ ಬಂದು ನಮ್ಮದೇ ಪದ ಹಾಡಿತು, ಬಲಗಾಲಿನದು. ಮೊದಲ ಗಂಟೆ ಆಯಿತು, ಎರಡನೆಯದಾಯಿತು. ಅವರು ಇನ್ನೂ ಬಿಂದಿಗೆ ತಿರುಗಿಸುತ್ತಲೇ ಇದ್ದರು. ಗಂಟೆ ಹೊಡೆಯುವವನೂ ತಾಳ ಹಾಕುತ್ತಿದ್ದ. ಭಜನೆಯ ಮುದುಕರೊಬ್ಬರು ಎರಡನೇ ಗಂಟೆಯಾದ ಮೇಲೆ ಹೊಸ ಪದವನ್ನೇ ಶುರುಮಾಡಿದರು. ಯಾರಿಗೂ ಏನೂ ಅನ್ನಿಸಲಿಲ್ಲ.

ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ವೇದಿಕೆ ಹತ್ತಿದ. ಒಂದು ಸಲ ದಮ್ಮಡಿ ತಟ್ಟಿದ. ಜನರೇಟರ್ ಸದ್ದಿನ ಮೇಲೆ ಅವನ ಗಂಟಲು ಎದ್ದಾಗ ಪೆಂಡಾಲು ತಣ್ಣಗಾಯಿತು. ಬಳೆಯ ನುಡಿ ಹೇಳಿದಾಗ ನನ್ನ ಪಕ್ಕದ ಹೆಂಗಸು ಸೆರಗು ಕಣ್ಣಿಗೆ ಒತ್ತಿಕೊಂಡಳು:

ಬೇಲೂರ ಬಳೆಗಾರ ಬಂದು ಬಾಗಿಲಿಗೆ
ಹಸಿರು ಗಾಜೀನ ಬಳೆ ಬಿಚ್ಚಿ, ನಮ್ಮಕ್ಕನ
ಮುಂಗೈಯ ಅಳತೆ ನಾ ಬಲ್ಲೆ

ಲೋಟ ಹಿಡಿಯದೆ ಕೇಳುವ ಜನರನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಅಪ್ಪ ಕೊನೆ ನುಡಿಗೆ ಬಂದ. ಕಣ್ಣು ಮುಂದಿನ ಕುರ್ಚಿಯ ಮೇಲೆ.

ಹೋದೆತ್ತು ಹೋದಂಗೆ ತಿರುಗಿ ಬಂದಾವೆ
ಹಾಸಿದ ಜಮಖಾನ ಮುದುರಿಲ್ಲ, ಭಾವಯ್ಯ

ಢಣ್.

ಮೊದಲ ಗಂಟೆ. ಬರೀ ಎಚ್ಚರಿಕೆಯದು. ಅಪ್ಪನಿಗೆ ಅದು ಗೊತ್ತಿತ್ತು. ಅವನ ಕಾಲಿಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿತು, ಹಿಮ್ಮಡಿ ಕೂಡಿತು, ದಮ್ಮಡಿ ಹಿಡಿದ ಕೈ ತೊಡೆಯ ಪಕ್ಕಕ್ಕೆ ಇಳಿಯಿತು. ಎದೆ ಸೆಟೆಸಿ ನಿಂತುಬಿಟ್ಟ.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಅಪ್ಪನ ಮುಖಕ್ಕೆ ಗೊತ್ತಾಗತೊಡಗಿತ್ತು, ತುಟಿ ಬಿಚ್ಚುತ್ತಿತ್ತು. ಅಷ್ಟರಲ್ಲಿ ಮುಂದಿನ ಕುರ್ಚಿಯವರು ಚಪ್ಪಾಳೆ ತಟ್ಟಿದರು. ಸಭೆಯ ನಡುವೆ ಭಾವಯ್ಯ ಎಂದು ತನ್ನನ್ನು ಕರೆದು ಮರ್ಯಾದೆ ಕೊಟ್ಟು ನಿಲ್ಲಿಸಿದ್ದಾನೆ ಅಂದುಕೊಂಡಿದ್ದರು. ಅವರು ತಟ್ಟಿದ್ದಕ್ಕೆ ಪಕ್ಕದವರು ತಟ್ಟಿದರು. ಪಕ್ಕದವರು ತಟ್ಟಿದ್ದಕ್ಕೆ ಪೆಂಡಾಲೇ ತಟ್ಟಿತು. ನಿರೂಪಕ ಮೈಕು ಎತ್ತಿಕೊಂಡು, "ನಮ್ಮ ವೀರ ಯೋಧರಿಗೆ ಇನ್ನೊಂದ್ಸಲ ಜೋರಾಗಿ!" ಅಂದ. ನನಗೆ ಆ ಮೂರನೇ ಸಾಲು ಗೊತ್ತಿದ್ದಿದ್ದರೆ ಬೆಂಚು ಹತ್ತಿ ಕೂಗಿಬಿಡುತ್ತಿದ್ದೆ. ಗೊತ್ತಿರಲಿಲ್ಲ. ಜೇಬಿನಲ್ಲಿ ಬೆಂಕಿಪೊಟ್ಟಣ ಹಿಡಿದುಕೊಂಡು ನಿಂತಿದ್ದೆ.

ಮೇಷ್ಟ್ರು ತೀರ್ಪು ಹೇಳುವಾಗ ಅಪ್ಪನ ಹೆಸರು ತೆಗೆದರು. "ರಂಗಪ್ಪನವರ ಕಂಠ ಚೆನ್ನಾಗಿದೆ. ಆದರೆ ಮೂಲ ಹಾಡಿನ ಕೊನೆಯನ್ನ ಅರ್ಧಕ್ಕೆ ಬಿಟ್ಟರು, ಹೇಳಿದ ಅರ್ಧವೂ ತಪ್ಪು. ತವರಿನ ಹಾಡು ಮಂಗಳದಲ್ಲೇ ಮುಗಿಯಬೇಕು. ಹಿರಿಯರ ಹತ್ತಿರ ಸರಿಯಾಗಿ ಕಲಿತು ಬರಲಿ." ಬಿಂದಿಗೆ ಹುಡುಗಿಯರಿಗೆ ಮೊದಲ ಬಹುಮಾನ.

ಅಪ್ಪ ಅವರ ಮೇಜಿನ ಹತ್ತಿರ ಹೋದ. "ಸಾರ್, ಅದು ನಾನೇ ಕಟ್ಟಿದ್ದು ಸಾರ್."

ಮೇಷ್ಟ್ರು ಕೆಟ್ಟವರೇನಲ್ಲ. ಪ್ರೀತಿಯಿಂದಲೇ ನಕ್ಕರು. ಅದಕ್ಕೇ ನನಗೆ ಇನ್ನೂ ಸಿಟ್ಟು. "ಜನಪದಕ್ಕೆ ಕಟ್ಟಿದೋರು ಅಂತ ಇರಲ್ಲಪ್ಪ. ಅದು ಜನರ ಬಾಯಲ್ಲಿ ತಾನೇ ಹುಟ್ಟೋದು. ಈ ಹಾಡು ನಾನು ನಿಮ್ಮೂರಿನ ಒಬ್ಬರು ಅಜ್ಜಿ ಹತ್ರಾನೇ ಸಂಗ್ರಹ ಮಾಡಿದ್ದು. ಬೇಕಾದ್ರೆ ಅವರನ್ನ ಕೇಳು."

ಆ ಅಜ್ಜಿಯ ಮಗ ಏನು ಹೇಳಿಯಾನು? ಕೈಮುಗಿದು ಇಳಿದು ಬಂದ.

ಪೆಂಡಾಲಿನ ಬಾಯಲ್ಲಿ ಭಾವ ಎದುರಾದರು. ಅಪ್ಪನ ಬೆನ್ನು ತಟ್ಟಿದರು. "ಚೆನ್ನಾಗ್ ಹೇಳ್ದೆ ಕಣಯ್ಯ ರಂಗ. ನನ್ ಹೆಸ್ರೂ ತಂದೆ, ಸಂತೋಷ. ಇದೇ ಪದ ನಿಮ್ಮಕ್ಕಾನೂ ಹೇಳ್ಕಂತಿದ್ಲು, ಅಡುಗೆಮನೇಲಿ. ಕೊನೇಗೆ ಬಂದ್ರೆ ಸಾಕು, ಬಾಯಿಗೆ ಸೆರಗ್ ತುರುಕ್ಕಂಡು ಅಳೋಳು. ಏನ್ ಹೆಂಗಸ್ರೋ! ಪ್ರಸಾದ ತಿನ್ಕಂಡ್ ಹೋಗಿ, ಈ ಮಗೀಗೂ ಕೊಡ್ಸು."

ಅಪ್ಪನ ಕೈ ನನ್ನ ಕೈ ಮೇಲೆ ಬಿಗಿಯಾಯಿತು. ಮೂಳೆ ಮುರಿಯುತ್ತದೇನೋ ಅಂದುಕೊಂಡೆ. ಅಕ್ಕನ ಗಂಡನಿಗೆ ಎದುರಾಡಿ ನಮ್ಮಲ್ಲಿ ಅಭ್ಯಾಸವಿಲ್ಲ. ಪದದಲ್ಲಿ ಬೈಯಬಹುದು, ಮಾತಿನಲ್ಲಿ ಬೈಯುವಂತಿಲ್ಲ. ಪದದ ಹೊತ್ತು ಮುಗಿದಿತ್ತು.

"ಬತ್ತೀನಿ ಭಾವ," ಅಂದ.

ಹಗರೆಯಲ್ಲಿ ಇಳಿದು ಮನೆತನಕ ನಡೆದೆವು. ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

"ಹೇಳಿದ್ಯಾ?"

"ಇಲ್ಲ ಕಣವ್ವ."

ಅಜ್ಜಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಬೇಡ ಎಂದವಳು ಅವಳೇ ತಾನೇ? ಅವಳು ಎದ್ದು ನಿಂತು, ಮಿಲ್ಟ್ರಿಯಲ್ಲಿ ಇದ್ದು ಬಂದ ಮಗನ ರಟ್ಟೆಗೆ ರಪ್ಪನೆ ಒಂದು ಏಟು ಕೊಟ್ಟಳು.

"ಯಾಕ್ಲಾ ಹೇಳ್ಳಿಲ್ಲ? ನಾನ್ ಬ್ಯಾಡ ಅಂದ್ರೆ ಬುಟ್ಬುಡೋದಾ? ನಾನ್ ಹೆತ್ತೋಳು, ಬ್ಯಾಡ ಅಂತೀನಿ.
ನೀನ್ ಒಡಹುಟ್ದೋನು, ಯೋಳ್ಬೇಕು ತಾನೆ?"

ಗಣಪತಿ ಬಿಟ್ಟ ವಾರದಲ್ಲಿ ಟ್ರಂಕು ಎದ್ದಿತು. ಅರಸೀಕೆರೆಯ ಪ್ಲಾಟ್‌ಫಾರಂನಲ್ಲಿ ಅಮ್ಮ ನೀರು ಹಿಡಿಯಲು ಹೋಗಿದ್ದಾಗ ನಾನು ಕೇಳಿದೆ, "ಅಪ್ಪ, ಮೂರನೇ ಸಾಲು ಏನು?" ಅಪ್ಪ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ. ಹಾಡಲಿಲ್ಲ, ಹೇಳಿದ. ಬೂಟ್ ಪಾಲಿಶಿನ ವಾಸನೆ ಬಂತು. ಸ್ಟೇಷನ್ ಗಂಟೆ ಹೊಡೆಯಿತು, ನೆಟ್ಟಗಾದ, ಹತ್ತಿದ.

ಆಮೇಲೆ ಅಪ್ಪ ಪದ ಕಟ್ಟಲಿಲ್ಲ. ವರ್ಷಗಟ್ಟಲೆ ಯಾರ್ಯಾರದೋ ಕಾರುಗಳಿಗೆ ಸೆಲ್ಯೂಟ್ ಹೊಡೆದು, ಸಿಮೆಂಟು ಧೂಳಿನಲ್ಲಿ ಗಂಟಲು ಕಳೆದುಕೊಂಡು ಬಂದ. ದಮ್ಮಡಿಯ ತೊಗಲನ್ನು ಮತ್ತೆ ಇಲಿ ತಿಂದಿತ್ತು. ಈ ಸಲ ಹಾಕಿಸಲಿಲ್ಲ. ಅಜ್ಜಿ ಹೋದಳು, ಅಪ್ಪ ಹೋದ. ಭಾವ ಎಲ್ಲರಿಗಿಂತ ಹೆಚ್ಚು ಕಾಲ ಬದುಕಿ, ಹೂವಿನ ಪಲ್ಲಕ್ಕಿಯಲ್ಲಿ ಹೋದರು. ಹಗರೆ ದಾರಿ ಈಗ ಟಾರು. ತುಂಬೆ ಹೂ ತುಳಿಯದೆ ನಡೆಯಿರಿ ಎಂದು ಹೇಳಿಸಿಕೊಳ್ಳಲು ಎತ್ತೂ ಇಲ್ಲ, ತುಂಬೆಯೂ ಇಲ್ಲ. ಇವೆಲ್ಲ ಹೋಗಲಿ, ಕಾಲಕ್ಕೆ ಹೋಗುವಂಥವು. ಹೋಗದೆ ಉಳಿದಿದೆಯಲ್ಲ, ಆ ಬಲಗಾಲು, ನನಗೆ ಸಂಕಟ ಅದರದು.

ಮೊನ್ನೆ ಅರಸೀಕೆರೆಯ ಛತ್ರವೊಂದರಲ್ಲಿ ಚಿಕ್ಕಮ್ಮನ ಮೊಮ್ಮಗಳ ಮದುವೆ. ಹುಡುಗಿ ಛತ್ರದ ಬಾಗಿಲಿಗೆ ಬಂದಾಗ ಡೀಜೆ ಹುಡುಗ ಒಂದು ಹಾಡು ಹಾಕಿದ. ಢಂ ಢಂ ಎನ್ನುವ ಸದ್ದಿನ ನಡುವೆ "ಹಗರೆ ಹಾದೀಲಿ". ನನ್ನ ಕಾಲಡಿಯ ನೆಲ ನಡುಗಿದ್ದು ಸ್ಪೀಕರಿನಿಂದಲೋ ಬಿಪಿಯಿಂದಲೋ ತಿಳಿಯಲಿಲ್ಲ. ಗೋಡೆಯ ಪರದೆಯ ಮೇಲೆ ಅಕ್ಷರ ಬಂತು: ಸಾಹಿತ್ಯ, ಜನಪದ. ಯಾರ್ರೀ ಈ ಜನಪದ? ಹಿತ್ತಲಲ್ಲಿ ಕುಡುಗೋಲು ನಿಲ್ಲಿಸಿ ನನ್ನನ್ನು ನೋಡಿದವನಾ? ಬಾಯಿಗೆ ಸೆರಗು ತುರುಕಿಕೊಂಡು ಅತ್ತವಳಾ? ಹುಡುಗಿ ಬಲಗಾಲಿಟ್ಟು ಒಳಗೆ ಬಂದಳು. ಎಲ್ಲರೂ ಮೊಬೈಲು ಎತ್ತಿದರು.

ಡೀಜೆ ಹುಡುಗನ ಹತ್ತಿರ ಹೋಗಿ, "ಈ ಹಾಡಿನ ಕೊನೆ ಹೀಗಲ್ಲ ಕಣಪ್ಪ, ಬೇರೆ ಇದೆ," ಅಂದೆ.

"ಇದ್ರೂ ಆಗಲ್ಲ ಆಂಟಿ. ಕ್ಲಿಪ್ ಇರೋದೇ ಇಷ್ಟು."

"ನಾನು ಹೇಳ್ಲಾ?" ಅಂತ ಕೇಳಿದೆ. ಅವನು ಪಾಪ, ಮೈಕು ಕೊಟ್ಟೇಬಿಟ್ಟ. ಹಿಡಿದುಕೊಂಡೆ. ಹಸೆಮಣೆಯ ಮೇಲೆ ಕೂರಲು ಹೊರಟಿದ್ದ ಹುಡುಗಿ ನನ್ನ ಕಡೆ ನೋಡಿ ನಕ್ಕಳು. ಕೈತುಂಬ ಹಸಿರು ಗಾಜಿನ ಬಳೆ. ಅಪಶಕುನವಾದರೆ? ಅವಳ ಅತ್ತೆಮನೆಯವರು ಎದುರಿಗೇ ಕೂತಿದ್ದಾರಲ್ಲ. ನಾಳೆ ಇವಳಿಗೆ ಏನಾದರೂ ಆದರೆ ನನ್ನ ಬಾಯಿಂದಲೇ ಆಯಿತು ಅಂದರೆ? ಮೈಕು ವಾಪಸು ಕೊಟ್ಟೆ. ಅಪ್ಪನನ್ನು ನಿಲ್ಲಿಸಲು ಒಂದು ಗಂಟೆಯಾದರೂ ಬೇಕಾಯಿತು. ನನಗೆ ಅದೂ ಬೇಕಾಗಲಿಲ್ಲ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಓದುತ್ತಿರುವ ಈ ಹಾಳೆಯ ಮೇಲೆ ಯಾರ ಮದುವೆಯೂ ಇಲ್ಲ. ಗಂಟೆ ಹೊಡೆಯುವವನೂ ಇಲ್ಲ. ಈ ಪದ ಕಟ್ಟಿದವನು ರಂಗಪ್ಪ, ಹಗರೆ ಕಡೆಯವನು. ಅದು ಮುಗಿಯುವುದು ಹೀಗೆ:

ಹೋದೆತ್ತು ಹೋದಂಗೆ ತಿರುಗಿ ಬಂದಾವೆ
ಹಾಸಿದ ಜಮಖಾನ ಮುದುರಿಲ್ಲ, ಭಾವಯ್ಯ
ನಿನ್ನ ಹೊಸಿಲು ಗೌರೀನ ನುಂಗೈತೆ